ಬಂದೂಕಿನ ಸೀಳಿದ ಹಿಡಿ

ಮಾರ್ಚ್ ೧೧, ಮಂಗಳವಾರ

ನನ್ನ ಗುಬ್ಬಚ್ಚಿಗೆ,

ಅಪ್ಪನ ಆಶೀರ್ವಾದಗಳು. ದೊಡ್ಡಮ್ಮನ ಮನೆಯಲ್ಲಿ ನಿನಗೆ ಊಟ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಎರಡು ಪತ್ರಕ್ಕೂ ಉತ್ತರ ಕೊಡದೆ ಹದಿನೈದು ದಿನ ಕಳೆದೆ, ಸಿಟ್ಟಾಗಬೇಡ. "ನಿಮ್ಮಪ್ಪಂಗೆ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ರೇನೇ ಬಾಯಿ ಬರೋದು" ಎಂದು ಅವಳು ಆಡಿಕೊಳ್ಳುವುದು ಸುಳ್ಳಲ್ಲ. ಅಮ್ಮ ಏನೂ ಹೇಳದೆ ನಿನ್ನನ್ನು ಹೊರಡಿಸಿಕೊಂಡು ಬಂದಳು, ನಾನೇಕೆ ಬರಲಿಲ್ಲ ಎಂದು ಕೇಳಿದ್ದೀಯ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀನು ಅಮ್ಮನ ಜೊತೆ ಹೊರಟ ಹಿಂದಿನ ದಿನ ಮಧ್ಯಾಹ್ನ ನಿನ್ನ ಗಂಡ ಅಂಗಡಿಗೆ ಬಂದ. ಇಷ್ಟು ವರ್ಷ 'ಬಂದರು' ಎಂದೇ ಬರೆಯುತ್ತಿದ್ದೆ; ಇನ್ನು ಆ ಬಹುವಚನ ನನ್ನ ಪೆನ್ನಿಗೆ ಬರುವುದಿಲ್ಲ. ಮುಂದಿನ ಹಿಡಿ ಎಳೆದು ತೋಟಾ ಏರಿಸುವ ತನ್ನ ಪಂಪ್ ಬಂದೂಕನ್ನು ಬೆಂಚಿನ ಮೇಲಿಟ್ಟ.

"ಮಾವ, ಹಿಂದಿಂದು, ಮುಂದಿಂದು, ಎರಡೂ ಹಿಡಿ ಬದಲಾಯಿಸ್ಬೇಕು. ಮರದ್ದು ಬೇಡ, ಗಟ್ಟಿ ಪ್ಲಾಸ್ಟಿಕ್ಕಿಂದು ಹಾಕಿ. ಇವತ್ತೇ ಬೇಕು."

"ಹೇಗೆ ಒಡೀತು?"

"ಜೀಪಿಂದ ಬಿತ್ತು."

ಭುಜಕ್ಕೆ ಒತ್ತಿಕೊಳ್ಳುವ ಹಿಂದಿನ ಹಿಡಿ, ಕೈಮುಷ್ಟಿ ಕೂರುವ ಜಾಗದಲ್ಲಿ ಉದ್ದಕ್ಕೆ ಸೀಳಿತ್ತು. ಯಾರ ಬಂದೂಕಾದರೂ ಖಾಲಿ ಇದೆಯೇ ಎಂದು ಮೊದಲು ನೋಡುತ್ತೇನೆ. ಗುಂಡಿ ಒತ್ತಿ ಮುಂದಿನ ಹಿಡಿಯನ್ನು ಹಿಂದಕ್ಕೆಳೆದೆ. ಕೆಂಪು ತೋಟಾ ಒಂದು ಹಾರಿ ಬೆಂಚಿನ ಮೇಲೆ ಉರುಳಿತು. ಮತ್ತೆ ಎಳೆದೆ. ಇನ್ನೊಂದು.

"ಅಯ್ಯೋ, ಮರೆತೇಬಿಟ್ಟಿದ್ದೆ" ಎಂದು ನಕ್ಕ.

ತೋಟಾಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ನಳಿಗೆ ಕಳಚಿ ಪಕ್ಕಕ್ಕಿಟ್ಟೆ. ಹಿಂದಿನ ಹಿಡಿಯ ಬುಡದ ರಬ್ಬರಿಗೆ ಎರಡು ಸ್ಕ್ರೂ; ಅದನ್ನು ತೆಗೆದರೇ ಒಳಗಿನ ಉದ್ದ ಬೋಲ್ಟು ಸಿಗುವುದು. ರಬ್ಬರು ಎತ್ತಿದೆ. ಅದಕ್ಕೂ ಮರಕ್ಕೂ ನಡುವಿನ ಸಂದಿಯಲ್ಲಿ ನಾಲ್ಕು ಉಣ್ಣೆಯ ಎಳೆ ಸಿಕ್ಕಿಕೊಂಡಿದ್ದವು. ಹಸಿರಿನ ಜೊತೆ ಹಳದಿ. ಹಸಿರು ಸಾಲದೆ ಬಂತೆಂದು ಅಮ್ಮ ಹಳದಿ ಸೇರಿಸಿ ಹೆಣೆದ ನಿನ್ನ ಸ್ವೆಟರು.

ಹಿಂದಿನ ತಿಂಗಳು ನೀನು ಬರೆದಿದ್ದೆ: ಮೆಟ್ಟಿಲ ಮೇಲೆ ಜಾರಿದೆ, ಭುಜದ ಮೂಳೆ ಬಿರುಕು ಬಿಟ್ಟಿದೆ, ಗಾಬರಿಯಾಗಬೇಡಿ ಎಂದು.

ಕೆಳಗೆ ಬಿದ್ದಾಗ ಮರ ಒಡೆಯುವ ರೀತಿ ಬೇರೆ, ಬೀಸಿ ಹೊಡೆದಾಗ ಸೀಳುವ ರೀತಿ ಬೇರೆ. ಮೂವತ್ತು ವರ್ಷದಿಂದ ಬಂದೂಕು ರಿಪೇರಿ ಮಾಡುವವನಿಗೆ ಅಷ್ಟೂ ತಿಳಿಯದೇ?

"ಏನ್ ಮಾವ, ಕೈ ನಿಂತೇ ಹೋಯ್ತು?"

ಸುತ್ತಿಗೆ ನನ್ನ ಬಲಗೈ ಪಕ್ಕದಲ್ಲೇ ಇತ್ತು ಮಗಳೇ. ನಿನ್ನ ಹತ್ತಿರ ಸುಳ್ಳು ಹೇಳಲಾರೆ, ಒಂದು ಕ್ಷಣ ಅದರ ಮೇಲೆ ಕೈ ಹೋಯಿತು. ಆದರೆ ನಾನು ಏನೇ ಅಂದರೂ ಸಂಜೆಗೆ ಅವನು ಮರಳಿ ಬರುವುದು ನಿನ್ನ ಬಳಿಗೇ. ಸುತ್ತಿಗೆಯನ್ನು ಆಚೆ ಸರಿಸಿದೆ.

"ಮುಂದಿನ ಹಿಡಿ ನಟ್ಟು ತುಕ್ಕು ತಿಂದಿದೆ ಅಳಿಯಂದ್ರೇ. ಎಣ್ಣೆ ಬಿಟ್ಟು ನೆನೆಸ್ಬೇಕು. ನಾಳೆ ಹತ್ತಕ್ಕೆ ಬನ್ನಿ. ಹೊಸ ಹಿಡಿಗೆ ನಿಮ್ಮ ಕೈ ಅಳತೆ ಬೇಕು, ನೀವೇ ಬರ್ಬೇಕು."

ಅವನು ನಟ್ಟನ್ನು ನೋಡಿದ, ನನ್ನನ್ನು ನೋಡಿದ. ಅದರಲ್ಲಿ ತುಕ್ಕಿನ ಚುಕ್ಕೆಯೂ ಇರಲಿಲ್ಲ. ನಾನು ಎಣ್ಣೆ ಡಬ್ಬಿಗೆ ಕೈ ಹಾಕಿದೆ.

"ಹತ್ತಕ್ಕೆ ಅಂದ್ರೆ ಹತ್ತಕ್ಕೆ" ಎಂದು ಎದ್ದು ಹೋದ.

ಆ ರಾತ್ರಿ ಮನೆಯಲ್ಲಿ ಎಳೆಗಳನ್ನು ಅಮ್ಮನ ಅಂಗೈ ಮೇಲಿಟ್ಟೆ. ಅವಳು ಅಳಲಿಲ್ಲ. "ಅವಳ ಊರಿಗೆ ಮೊದಲ್ನೇ ಬಸ್ಸು ಎಷ್ಟಕ್ಕೆ?" ಎಂದಳು, ಅಷ್ಟೇ. ಅವನು ಇಲ್ಲಿ ನನ್ನ ಎದುರಿಗಿದ್ದರೆ ಮಾತ್ರ ನೀವಿಬ್ಬರೂ ಅಲ್ಲಿಂದ ಹೊರಡಲು ಸಾಧ್ಯ. ನಾನು ಬರದಿದ್ದದ್ದು ಅದಕ್ಕೆ.

ಬೆಳಿಗ್ಗೆ ಎಂಟಕ್ಕೆ ಬಂದೂಕು, ತೋಟಾ, ಉಣ್ಣೆ ಎಲ್ಲವನ್ನೂ ಪೊಲೀಸ್ ಠಾಣೆಗೆ ಒಯ್ದೆ. ಅಲ್ಲಿನ ಇನ್ಸ್‌ಪೆಕ್ಟರಮ್ಮ ಸೀಳನ್ನು ಬೆರಳಿನಿಂದ ಸವರಿ ನೋಡಿದರು. "ಹೊಡೆದಿದ್ದಕ್ಕೆ ನಿಮ್ಮ ಮಗಳೇ ಬಾಯಿಬಿಡ್ಬೇಕು ಯಜಮಾನ್ರೇ. ತೋಟಾ ತುಂಬಿ ಅಂಗಡಿಗೆ ತಂದಿದ್ದಾರಲ್ಲ, ಸದ್ಯಕ್ಕೆ ಅದಕ್ಕೇ ಇದನ್ನ ಇಟ್ಕೋತೀನಿ" ಎಂದರು.

ಹತ್ತಕ್ಕೆ ಅವನು ಬಂದ. ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದೆ. ತಪ್ಪಾಯಿತು ಎಂದು ಮತ್ತೆ ಅಳೆದೆ. ಪ್ಲಾಸ್ಟಿಕ್ಕಿನ ಹಿಡಿಗಳ ಬಗ್ಗೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಾನು ಅಷ್ಟು ಮಾತಾಡಿದ್ದು ಅಮ್ಮ ಕೇಳಿದ್ದರೆ ನಂಬುತ್ತಿರಲಿಲ್ಲ. ಹತ್ತೂ ಮುಕ್ಕಾಲಿಗೆ ಅವನು ಬೆಂಚಿಗೆ ಗುದ್ದಿದ. "ಬಂದೂಕೆಲ್ಲಿ?"

ಆಗಲೇ ಫೋನು ಬಂತು. "ಬಸ್ಸಲ್ಲಿ ಕೂತಿದ್ದೀವಿ ರೀ" ಎಂದಳು ಅಮ್ಮ.

ಅಳತೆ ಪಟ್ಟಿ ಸುತ್ತಿಟ್ಟೆ. "ಠಾಣೆಯಲ್ಲಿದೆ. ಅದರೊಳಗೆ ಸಿಕ್ಕ ಉಣ್ಣೆನೂ ಅಲ್ಲೇ ಇದೆ."

ಅವನು ನನ್ನ ಕಾಲರು ಹಿಡಿದು ಗೋಡೆಗೆ ಒತ್ತಿದ. ಎದುರಿನ ಬೀಗ ರಿಪೇರಿಯವನು ಎದ್ದು ಬಂದು ಬಾಗಿಲಲ್ಲಿ ನಿಂತ. ನಿನ್ನ ಗಂಡ ಕೈ ಬಿಟ್ಟ, ಸ್ಟೂಲಿಗೆ ಒದ್ದು ಹೋದ. ಬೀಗದವನೇ ಸ್ಟೂಲನ್ನು ಎತ್ತಿ ನಿಲ್ಲಿಸಿ ನನ್ನನ್ನು ಕೂರಿಸಿದ.

ಇನ್ಸ್‌ಪೆಕ್ಟರಮ್ಮ ನಿನ್ನ ದಾರಿ ಕಾಯುತ್ತಿದ್ದಾರೆ. ದೂರು ಕೊಡುವುದು ಬಿಡುವುದು ನಿನ್ನ ಮನಸ್ಸು. ಕೊಡುವುದಾದರೆ ಪಕ್ಕದಲ್ಲಿ ನಾನಿರುತ್ತೇನೆ. ಭುಜಕ್ಕೆ ಭಾರ ಹಾಕಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಮೈಮನಸ್ಸು ಬೇಗ ಗಟ್ಟಿಯಾಗಲಿ.

ನಿನ್ನ,
ಅಪ್ಪ

ತಾ.ಕ.: ಮೂರು ವರ್ಷದ ಹಿಂದೆ ನೀನು ಒಂದು ಬ್ಯಾಗು ಹಿಡಿದು ಬಂದು "ಸ್ವಲ್ಪ ದಿನ ಇಲ್ಲೇ ಇರ್ತೀನಪ್ಪ" ಎಂದಿದ್ದೆ. ಹೊಂದಿಕೊಂಡು ಹೋಗಬೇಕಮ್ಮ ಎಂದು ಬುದ್ಧಿ ಹೇಳಿ, ಮಾರನೆಯ ದಿನ ನಾನೇ ನಿನ್ನನ್ನು ವಾಪಸು ಕಳಿಸಿದೆ. ಬಸ್ಸಿನ ಕಿಟಕಿಯಲ್ಲಿ ಗಾಳಿಗೆ ನಿನ್ನ ಕೂದಲು ಸರಿದಾಗ ಕಿವಿಯ ಕೆಳಗೆ ನೀಲಿಗಟ್ಟಿದ್ದು ಕಂಡಿತು. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ನಾನು ಕಂಡೆ ಅನ್ನುವುದು ನಿನಗೂ ಗೊತ್ತಾಯಿತು, ಅಲ್ಲವೇ? ಬಸ್ಸು ಹೊರಟಾಗ ನೀನು ಕೈ ಬೀಸಲಿಲ್ಲ.