ಸಿಕ್ ಬುಕ್ಕಿನಲ್ಲಿ ಬರೆದ ಜ್ವರ

ಪಾಂಡೇಸರಾ, ಸೂರತ್
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಪದ್ದಿಯ ನಮಸ್ಕಾರ. ನಿನ್ನ ರಕ್ತದ ಸಕ್ಕರೆ ಈಗ ಎಷ್ಟರಲ್ಲಿದೆ? ರಜನಿ ವೈನಿಯ ಮೊಣಕಾಲಿನ ಬಾವು ಇಳಿಯಿತೇ? ಬೈಲಹೊಂಗಲದಲ್ಲಿ ಚಳಿ ಶುರುವಾಗಿರಬೇಕು, ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಬರೀ ಬನಿಯನ್ನಿನಲ್ಲಿ ಕೂಡಬೇಡ. ಊರಿಗೆಲ್ಲ ಗುಳಿಗೆ ಕೊಡುವ ನೀನು ನಿನ್ನ ಗುಳಿಗೆ ಮರೆಯುತ್ತೀಯಂತೆ, ವೈನಿ ಹೇಳಿದರು. ಇಲ್ಲಿ ವಿಂಧ್ಯಾ ಆರಾಮಾಗಿದ್ದಾಳೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಗುಜರಾತಿಯಲ್ಲಿ ಗೊಣಗುತ್ತಾಳೆ. ಚಂದ್ರು ಮಾಮಾ ಯಾವಾಗ ಬರುತ್ತಾನೆ ಎಂದು ಮಾತ್ರ ಸರಿಯಾದ ಕನ್ನಡದಲ್ಲೇ ಕೇಳುತ್ತಾಳೆ.

ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀಯೇನೋ. ದೀಪಾವಳಿಗೆ ನಾನು ಈ ಮಾತು ತೆಗೆದಾಗ, "ಹಳೇದೆಲ್ಲಾ ಈಗ ಯಾಕ ತಂಗಿ, ಗಿರಾಕಿ ಬಂದಾರ, ಇಡ್ತೀನಿ" ಅಂದೆ ನೀನು. ಆಮೇಲೆ ನಾನು ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಗಿರಾಕಿ ಬಂದಿದ್ದರು. ಆ ಊರಿನವರಿಗೆಲ್ಲ ನಾನು ಫೋನು ಹಚ್ಚಿದಾಗಲೇ ಜಡ್ಡು ಬರುತ್ತದೆಯೋ ಏನೋ. ಅದಕ್ಕೇ ಬರೆಯಲು ಕೂತೆ. ಕೂತೆ ಎಂದರೆ ಎಲ್ಲಿ ಕೂತೆ, ಬೆಳಗಿನಿಂದ ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ಹಾಲು ಉಕ್ಕಿತು. ಒಮ್ಮೆ ಏನೂ ಕೆಲಸವಿಲ್ಲದೆ ಗ್ಯಾಲರಿಗೆ ಹೋಗಿ ಬೀದಿ ನೋಡಿ ಬಂದೆ. ಹಬ್ಬದ ರಜೆ ಮುಗಿದು ಮಿಲ್ಲುಗಳು ತೆರೆದಿವೆ, ಬಣ್ಣದ ವಾಸನೆ ಮತ್ತೆ ಅಡುಗೆಮನೆಯ ತನಕ ಬಂದಿದೆ. ಒಂದು ಕಡೆ ನಿಲ್ಲಲು ಆಗುತ್ತಿಲ್ಲ ನನಗೆ.

ನಮ್ಮ ಯಜಮಾನರ ಕಾಲಿನ ಸುದ್ದಿ ಹೇಳುತ್ತೇನೆ, ಪೂರ್ತಿ ಓದು. ಹಜೀರಾದ ಕಂಪನಿ ಗೇಟಿನಲ್ಲಿ ಎಂಟು ತಾಸು ಕಾವಲಿಗೆ ನಿಂತು ಬಸ್ಸಿನಲ್ಲಿ ಬರುತ್ತಾರೆ. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಬಲಗಾಲು ಮೇಲಿಟ್ಟು ಎಡಗಾಲನ್ನು ಕೈಯಿಂದ ಎತ್ತಿಕೊಂಡ ಹಾಗೆ ಎಳೆಯುತ್ತಾರೆ. ಪ್ರತಿ ತಿರುವಿನಲ್ಲೂ ನಿಂತು ಫೋನು ನೋಡುವ ಸೋಗು. ಕೆಳಗಿನ ಮನೆಯ ಕಮಲಾಬೆನ್ ಒಂದು ದಿನ, ನಿಮ್ಮ ಯಜಮಾನರಿಗೆ ಬಹಳ ಮೆಸೇಜು ಬರುತ್ತವೆ ಅಲ್ಲವೇ ಎಂದರು. ನಾನು ಹೌದು ಅಂದೆ. ಎಡಸೊಂಟದ ಕೀಲು ಸವೆದು ಹೋಗಿದೆ, ಬದಲಿಸಲೇಬೇಕು ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಯಿತು. ಆಪರೇಷನ್ ಮಾಡಿಸಿಕೊಂಡರೆ ಮೂರು ತಿಂಗಳು ಮನೆಯಲ್ಲಿರಬೇಕು, ಅಷ್ಟು ದಿನ ಗುತ್ತಿಗೆದಾರ ಜಾಗ ಖಾಲಿ ಇಡುವುದಿಲ್ಲ. ಸೈನ್ಯದಿಂದ ಅಂಗವೈಕಲ್ಯದ ಪೆನ್ಷನ್ ಮಂಜೂರಾದರೆ ಆ ನೌಕರಿಗೆ ಕೈಮುಗಿದು ಆಪರೇಷನ್ ಮಾಡಿಸಬಹುದು. ನನಗೆ ಬೇಕಾದದ್ದು ಇಷ್ಟೇ.

ಅದನ್ನೇ ಅವರು ಕೊಡುತ್ತಿಲ್ಲ. ಬಿಡುಗಡೆಯ ಸಮಯದ ಮೆಡಿಕಲ್ ಬೋರ್ಡು ಕೀಲು ಕೆಟ್ಟಿದೆ ಎಂದು ಒಪ್ಪಿದೆ. ಆದರೆ ಕಾಯಿಲೆ ಮೊದಲು ಕಂಡದ್ದು ೨೦೧೯ರಲ್ಲಿ, ಗಡಿಯಲ್ಲಲ್ಲ, ಆದ್ದರಿಂದ ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಬರೆದಿದೆ. ಮೊದಲ ಅಪೀಲು ಜೂನ್ ಎರಡಕ್ಕೆ ತಿರಸ್ಕಾರವಾಯಿತು. ಎರಡನೆಯದಕ್ಕೆ ಆರು ತಿಂಗಳ ಗಡುವು, ಡಿಸೆಂಬರ್ ಎರಡಕ್ಕೆ ಮುಗಿಯುತ್ತದೆ. ಇಪ್ಪತ್ತನಾಲ್ಕು ವರ್ಷ ಓಡಿದ ಮನುಷ್ಯನ ಕಾಲು ತಾನಾಗಿಯೇ ಕೆಟ್ಟಿತಂತೆ. ಆ ಕಾಗದ ಓದಿದ ದಿನ ನಾನು ಅತ್ತದ್ದು ದುಃಖಕ್ಕಲ್ಲ ಅಣ್ಣ, ಸಿಟ್ಟಿಗೆ.

ಹೋದ ತಿಂಗಳು ಇವರನ್ನು ಎಳೆದುಕೊಂಡು ಅಹಮದಾಬಾದಿಗೆ ಹೋಗಿದ್ದೆ. ವಸ್ತ್ರಾಪುರದಲ್ಲಿ ಮಗನ ಮನೆಯಲ್ಲಿರುವ ಅನಂತರಾಮ ಎಂಬ ಹಿರಿಯರು, ಮೈಸೂರಿನವರು, ಸೈನ್ಯದ ದಾಖಲೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಮಾಜಿ ಸೈನಿಕರ ಅಪೀಲುಗಳನ್ನು ಬರೆದುಕೊಡುತ್ತಾರೆ. ಕನ್ನಡ ಕೇಳಿದ್ದೇ ಉಪ್ಪಿಟ್ಟು ಮಾಡಿಸಿದರು. ಇವರು ೨೦೦೯ರ ಜನವರಿಯ ಕಥೆ ಹೇಳಿದರು: ಗಡಿಯ ಮೇಲಿನ ಪೋಸ್ಟಿಗೆ ಸೀಮೆಎಣ್ಣೆಯ ಕ್ಯಾನು ಹೊತ್ತು ಹತ್ತುವಾಗ ಹಿಮದ ಮೆಟ್ಟಿಲಿನಲ್ಲಿ ಜಾರಿದ್ದು, ಎಡಮಗ್ಗುಲಾಗಿ ಕಂದಕದ ತಳಕ್ಕೆ ಬಿದ್ದದ್ದು. ಅನಂತರಾಮರು ಕನ್ನಡಕ ತೆಗೆದು, ಕಡತದಲ್ಲಿ ಪೋಸ್ಟಿನ ಜಡ್ಡಿನ ದಾಖಲೆಯ ನಕಲು ತಿರುಗಿಸಿ, "ಬಿದ್ದಿದ್ದು ನಿಜ ಇರಬಹುದಪ್ಪ, ಆದರೆ ಆವತ್ತು ಸಿಕ್ ಬುಕ್ಕಲ್ಲಿ ಜ್ವರ ಅಂತ ಇದೆ, ಎರಡು ದಿನ ವಿಶ್ರಾಂತಿ. ಬರೆದವರೇ ಅಫಿಡವಿಟ್ ಕೊಟ್ಟರೆ ದಾರಿ ಉಂಟು. ಬರೆದಿದ್ದು ಯಾರು?" ಎಂದರು. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತ, "ನೆನಪಿಲ್ರಿ ಸರ್" ಅಂದರು. ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ.

ನೆನಪಿಲ್ಲವಂತೆ. ಆ ಪೋಸ್ಟಿನ ನರ್ಸಿಂಗ್ ಅಸಿಸ್ಟೆಂಟ್ ನೀನು. ನನಗೆ ಇದನ್ನು ಹೇಳಿದವನೂ ನೀನೇ, ವಿಂಧ್ಯಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಹೋಳಿಗೆ ತಿನ್ನುತ್ತ, ನಗುನಗುತ್ತ. ಹದಿನೈದು ದಿನಕ್ಕೆ ಹವಾಲ್ದಾರ್ ಬಡ್ತಿಯ ಕೇಡರ್ ಪರೀಕ್ಷೆ ಇತ್ತು, ಗಾಯ ಎಂದು ಬರೆದರೆ ಮೆಡಿಕಲ್ ದರ್ಜೆ ಇಳಿದು ಬಡ್ತಿ ತಪ್ಪುತ್ತಿತ್ತು. ನಿನ್ನ ಗಂಡ ಉಮಾಕಾಂತ ಕಾಲು ಹಿಡಿದ, ನಾನು ಜ್ವರ ಅಂತ ಗೀಚಿ, ನೋವಿನ ಇಂಜೆಕ್ಷನ್ ಕೊಟ್ಟು ಓಡಿಸಿದೆ ಅಂದೆ ನೀನು. "ನಿನ್ನ ಗಂಡನ ತೋಳಿನ ಮೂರು ಪಟ್ಟಿ ನನ್ನ ಪೆನ್ನಿನಿಂದ ಬಂದಾವ ನೋಡವಾ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮದುವೆಗೆ ಮೊದಲು ಅವ್ವ, "ಹುಡುಗ ಗಟ್ಟಿ ಅದಾನೇನೋ?" ಎಂದು ಕೇಳಿದಾಗಲೂ ಎಷ್ಟು ಧೈರ್ಯದಿಂದ "ನಾನ ನೋಡೇನಿ" ಅಂದಿದ್ದೆಯಲ್ಲ, ಕಳ್ಳ. ನಿನ್ನ ಮೇಲೆ ನನಗೆ ಅಸಮಾಧಾನವಿಲ್ಲ. ನಿಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದಿರಿ. ಗಾಯ ಮುಚ್ಚಿಟ್ಟವನೇ ಗಂಡಸು, ಬರೆಸಿದವನು ಕಾಮಚೋರ.

ವಾಪಸು ಬರುವಾಗ ರೈಲಿನಲ್ಲಿ ಜಗಳವಾಡಿದೆ. ಎದುರಿನ ಸೀಟಿನವರು ನಮ್ಮನ್ನೇ ನೋಡುತ್ತಿದ್ದರು, ಭಾಷೆ ತಿಳಿಯದಿದ್ದರೂ ಜಗಳ ತಿಳಿಯುತ್ತದಲ್ಲ. ಇವರು ಕೊನೆಗೆ, "ಚಂದ್ರೂನ ಹೆಸರು ತಗದಿ ಅಂದ್ರ ನಾ ಸಹೀನ ಹಾಕಂಗಿಲ್ಲ. ಅವಂಗೂ ಪೆನ್ಷನ್ ಐತಿ, ಸುಳ್ಳ ಬರದಾನಂತ ಅದಕ್ಕ ಕೈ ಹಚ್ಚಿದ್ರ? ನಾ ಕೇಳಿದ್ದಕ್ಕ ಬರದಾನಂವ" ಎಂದರು. ವಡೋದರಾದಲ್ಲಿ ನೀರು ತರುತ್ತೇನೆಂದು ಇಳಿದವಳು, ಗಾಡಿ ಅಲುಗಾಡುವ ತನಕ ಪ್ಲಾಟ್‌ಫಾರ್ಮಿನ ಮೇಲೇ ನಿಂತಿದ್ದೆ. ಇವರು ಬಾಗಿಲಿಗೆ ಬಂದು, ಆ ಕಾಲಿನಲ್ಲಿ ಇಳಿಯಲು ನೋಡಿದರು. ಓಡಿ ಬಂದು ಹತ್ತಿದೆ.

ನಿನ್ನ ಹೆಸರು ಹೇಳದೆಯೇ ಅನಂತರಾಮರಿಗೆ ಆಮೇಲೆ ಫೋನು ಮಾಡಿ ಕೇಳಿದೆ, ಬರೆದವರಿಗೆ ತೊಂದರೆಯಾದೀತೇ ಎಂದು. ಇಷ್ಟು ವರ್ಷದ ಮೇಲೆ ಇಂಥದಕ್ಕೆ ಯಾರ ಪೆನ್ಷನ್ನೂ ನಿಂತದ್ದನ್ನು ತಾನು ಕಂಡಿಲ್ಲ, ಆದರೆ ಆಗುವುದೇ ಇಲ್ಲ ಎಂದು ಬರೆದುಕೊಡಲಾರೆ ಎಂದರು. ನಿನಗೆ ಇದನ್ನು ಮುಚ್ಚಿಡುವುದಿಲ್ಲ. ಹೆದರಿಕೆ ಇದ್ದೇ ಇದೆ. ನೀನು ವೈನಿಯ ಜೊತೆ ಕೂತು ಮಾತಾಡು. ಇವರು ಹದಿನಾರು ವರ್ಷ ನಿನ್ನ ಹೆಸರು ಯಾರ ಮುಂದೆಯೂ ಎತ್ತಿಲ್ಲ, ಬೋರ್ಡಿನ ಮುಂದೆಯೂ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ. ನಾನು ನಿನ್ನ ಕೈ ಹಿಡಿದು ಬರೆಸಲಾರೆ. ಆದರೆ ರಾತ್ರಿ ಇವರು ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುವ ಸದ್ದು ಕೇಳುವವಳು ನಾನು. ನನಗೆ ಇನ್ನು ಸಾಕಾಗಿದೆ ಅಣ್ಣ.

ವೈನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ವಿಂಧ್ಯಾ ನಿನಗೆ ನಮಸ್ಕಾರ ಹೇಳೆಂದಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಗುಳಿಗೆ ತಗೋ.

ನಿನ್ನ ತಂಗಿ,
ಪದ್ಮಾವತಿ

ತಾ. ಕ.: ಮೇಲೆ, ವೈನಿಯ ಜೊತೆ ಕೂತು ಮಾತಾಡು ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ. ಅಪೀಲು ಸೋಮವಾರವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಿದೆ. ಹೋಗುವ ಮೊದಲು ಅನಂತರಾಮರಿಗೆ ನಿನ್ನ ಹೆಸರು, ನಂಬರು, ಅಂಗಡಿಯ ವಿಳಾಸ ಎಲ್ಲ ಕೊಟ್ಟು ಬರೆಸಿದೆ. ಅಫಿಡವಿಟ್ ಆಮೇಲೆ ಸೇರಿಸುತ್ತೇವೆ ಎಂದಿದೆ ಅದರಲ್ಲಿ. ಇವರಿಗೆ ಗೊತ್ತಿಲ್ಲ. ಕೊನೆಯ ಹಾಳೆಗೆ ಮೊದಲೇ ಸಹಿ ಮಾಡಿಸಿಕೊಂಡಿದ್ದೆ, ನನ್ನ ಮೇಲಿನ ನಂಬಿಕೆಯಿಂದ ಓದದೆ ಹಾಕಿದರು. ಕಚೇರಿಯವರು ಕೇಳಿದಾಗ ನೀನು ಇಲ್ಲ ಎಂದರೆ ಸುಳ್ಳು ಹೇಳಿದವಳು ನಾನಾಗುವುದಿಲ್ಲ ಅಣ್ಣ, ಸಹಿ ಹಾಕಿದ ಇವರಾಗುತ್ತಾರೆ.