ಯಾರೂ ನೋಡದ ಹನ್ನೊಂದು ದಿನಗಳ ತಾಪಮಾನ

ವಿಜ್ಞಾನ ಮತ್ತು ಕಂಪ್ಯೂಟರನ್ನು ಕೂಡಿಸಿ ಹೊಸ ಪದವಿ ರೂಪಿಸಿರುವ ಪಠ್ಯಕ್ರಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಕಳಿಸಿದ ಮೊದಲ ಸೆಮಿಸ್ಟರಿನ ಪ್ರಯೋಗ ಪುಸ್ತಕ ತಲುಪಿತು. ಅದರ ಹದಿನೇಳನೇ ಪುಟದಲ್ಲಿ ನನ್ನ ಹೆಸರಿನ ಮೇಲೆ ಹನ್ನೊಂದು ಸುಳ್ಳುಗಳಿವೆ. ಅವನ್ನು ತೆಗೆಯಿರಿ. ತೆಲುಗು ನಾಡಿನವರಾದ ನಿಮಗೆ ಕನ್ನಡ ಬಾರದಿದ್ದರೆ ಚಿಂತೆಯಿಲ್ಲ, ಈ ಪತ್ರವನ್ನು ನಿಮ್ಮ ಕಂಪ್ಯೂಟರೇ ಓದಿ ಹೇಳೀತು. ನಾನು ಬಿಟ್ಟ ಜಾಗವನ್ನು ಮಾತ್ರ ಅದು ತುಂಬದಿರಲಿ.

ನನ್ನ ಗಂಡ ಚಂದ್ರಾಮ ನಾರಾಯಣಗೂಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಿಮ್ಮ ಸಮಿತಿಯಲ್ಲಿ ಎರಡು ವರ್ಷ ಕೂತರು. ಕಂಪ್ಯೂಟರಿಗೆ ಅಂಕಿ ಕೊಡುವ ಮಕ್ಕಳು ಮೊದಲು ಒಂದು ಅಂಕಿಯನ್ನಾದರೂ ಸ್ವಂತ ಕಣ್ಣಿನಿಂದ ನೋಡಿ ಬರೆಯಲಿ ಎಂಬುದು ಅವರ ಹಟ. ಅದಕ್ಕೊಂದು ಮಾದರಿ ಬೇಕಾಗಿತ್ತು. ಲಿಂಗಂಪಲ್ಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ತಾಪಮಾಪಕ ತೂಗುಹಾಕಿ, ಹತ್ತನೇ ಇಯತ್ತೆ ಓದಿದ ನನಗೆ ಕೆಲಸ ಒಪ್ಪಿಸಿದರು. ದಿನಾ ಮಧ್ಯಾಹ್ನ ಎರಡಕ್ಕೆ ನೋಡಬೇಕು, ದಿನಚರಿಯಲ್ಲಿ ಬರೆಯಬೇಕು.

ಒಮ್ಮೆ ಮದುವೆಗೆ ಹೋಗಿ ಬಂದವಳು ಅಂದಾಜಿನಲ್ಲೇ ಮೂವತ್ತನಾಲ್ಕು ಎಂದು ಬರೆದೆ.

“ನೋಡಿದ್ಯಾ, ಇಲ್ಲಾ ಹಂಗ ಬರದಿ?” ಎಂದರು.

“ನಿನ್ನಿಗೂ ಇವತ್ತಿಗೂ ಏನ್ ಭಾಳ ಫರಕ್ ಇರ್ತೈತ್ರಿ?”

“ಅದು ನೋಡಿದವರಿಗೆ ಗೊತ್ತು. ನೀ ಮದವ್ಯಾಗ ಹೋಳಿಗಿ ತಿನ್ನಾಕತ್ತಿದ್ದಿ. ಖಾಲಿ ಬಿಡು.”

ಅಳಿಸಿದೆ.

ಎರಡನೇ ವರ್ಷದ ಮೇ ತಿಂಗಳಲ್ಲಿ ಅವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ನಾನು ಅವರ ಬಳಿಯಿದ್ದೆ. ಅವರು ಉಳಿಯಲಿಲ್ಲ. ಹನ್ನೆರಡನೆಯ ದಿನದಿಂದ ಮತ್ತೆ ಬರೆದೆ, ಏಕೆಂದರೆ ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ನಿಮಗೆ ಕಳಿಸಿದ ದಿನಚರಿಯಲ್ಲಿ ನಾನು ಖಾಲಿ ಬಿಟ್ಟಿದ್ದ ಆ ಹನ್ನೊಂದು ಜಾಗಗಳಲ್ಲಿ ಈಗ ನಲವತ್ತೂವರೆ, ನಲವತ್ತೊಂದು ಎಂದೆಲ್ಲ ಅಚ್ಚಾಗಿದೆ. ಮೇಲೆ ‘ವೀಕ್ಷಕರು: ಗಂಗಾಬಾಯಿ’ ಎಂದಿದೆ. ಕೇಳಲು ನಿಮ್ಮ ಕಚೇರಿಗೆ ಬಂದೆ. ಬೀದರ ಕಡೆಯ ನಿಮ್ಮ ಸಹಾಯಕ ವೈಭವ ಕುರ್ಚಿ ಕೊಟ್ಟು, ಮರ್ಯಾದೆಯಿಂದಲೇ ವಿವರಿಸಿದ.

“ಹಿಂದಿನ ಮುಂದಿನ ದಿನದ್ದು ಸರಾಸರಿ ಹಾಕೇವ್ರಿ ಅಮ್ಮಾ. ಖಾಲಿ ಬಿಟ್ರ ಗ್ರಾಫ್ ತುಂಡಾಗತೈತಿ.”

“ತುಂಡಾಗಿದ್ದು ಖರೇನ ಐತಲ್ಲಪ್ಪಾ,” ಎಂದೆ. ಅವನು ಪರದೆಯ ಕಡೆ ತಿರುಗಿದ.

ಎಂಥ ಚೆಂದದ ಗೆರೆ ನಿಮ್ಮದು! ನನ್ನ ಮನೆಯಲ್ಲಿ ಏನೂ ಆಗಲೇ ಇಲ್ಲವೆಂಬಂತೆ ಸಾಗುತ್ತದೆ. ಬಿಟ್ಟದ್ದನ್ನು ತುಂಬುವ ವಿದ್ಯೆಯನ್ನು ಕಲಿಸಿರಿ, ಬೇಡವೆನ್ನಲು ನಾನು ಯಾರು? ಆದರೆ ತುಂಬಿದ್ದು ಎಂದು ಹೇಳುವಷ್ಟು ಸೌಜನ್ಯ ಪಠ್ಯಕ್ರಮದಲ್ಲಿಲ್ಲವೇ? ನೋಡದ್ದನ್ನು ನೋಡಿದಂತೆ ತೋರಿಸುವುದಕ್ಕೆ ಎರಡು ಶಾಸ್ತ್ರಗಳನ್ನು ಕೂಡಿಸಬೇಕಾಗಿತ್ತೇ?

ನಿಮ್ಮ ಸರಾಸರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನಾಲ್ಕನೆಯ ದಿನ ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ಅವರು ಆಸ್ಪತ್ರೆಯ ಕಿಟಕಿ ತೆರೆಯಿಸಿ, ಕೈ ಹೊರಗೆ ಚಾಚಿದರು. “ಭಾಳ ತಂಪ ಐತಿ. ಬಾಲ್ಕನ್ಯಾಗ ಎಷ್ಟ್ ಆಗೇತೋ.”

“ಅಂದಾಜ ಹೇಳ್ಲೇನ್ರಿ?” ಎಂದೆ. ನಕ್ಕರು. ಆಮೇಲೆ ಅವರು ನಕ್ಕಿದ್ದನ್ನು ನಾನು ಕಾಣಲಿಲ್ಲ. ನಿಮ್ಮ ಪುಸ್ತಕದಲ್ಲಿ ಆ ದಿನ ನಲವತ್ತೂವರೆ ಡಿಗ್ರಿ.

ಈಗಲೂ ಎರಡಕ್ಕೆ ಬಾಲ್ಕನಿಗೆ ಹೋಗುತ್ತೇನೆ, ನೋಡುತ್ತೇನೆ, ಬರೆಯುತ್ತೇನೆ. ‘ನೋಡಿದ್ಯಾ?’ ಎಂದು ಕೇಳುವವರಿಲ್ಲ.

ಪುಸ್ತಕ ಮಕ್ಕಳ ಕೈಸೇರುವ ಮೊದಲು ಆ ಪುಟ ಮತ್ತೆ ಅಚ್ಚಾಗಬೇಕು. ಹನ್ನೊಂದೂ ದಿನ ಖಾಲಿ ಇರಲಿ. ಗೆರೆ ಅಲ್ಲಿ ತುಂಡಾಗಲಿ. ಕೆಳಗೆ ಒಂದೇ ಸಾಲು ಸಾಕು: ‘ಈ ದಿನಗಳಲ್ಲಿ ಯಾರೂ ನೋಡಲಿಲ್ಲ.’

ಇಂತಿ,
ಆ ಹನ್ನೊಂದು ದಿನ ಬಾಲ್ಕನಿಯಲ್ಲಿ ಇರದಿದ್ದ ನಿಮ್ಮ ವೀಕ್ಷಕಿ
ಗಂಗಾಬಾಯಿ, ಲಿಂಗಂಪಲ್ಲಿ