ಮೂರು ಸಲ ತಲೆಯಾಡಿಸಿದ್ದು

ಶೂಮೆನ್, ಸೈನಿಕರ ವಸತಿ
9 ಅಕ್ಟೋಬರ್ 1884

ಪ್ರೀತಿಯ ವೆಲಿಕಾ ಅಕ್ಕನಿಗೆ,

ನಿನಗೂ ಅಮ್ಮನಿಗೂ ನಮಸ್ಕಾರ. ನಿನ್ನ ಮೂರು ಕಾಗದಗಳಿಗೆ ಇದೊಂದೇ ಉತ್ತರ. ತಪ್ಪಾಯಿತು. ಬೈಯುವುದಿದ್ದರೆ ಅಮ್ಮನಿಗೆ ಓದಿ ಹೇಳುವ ಮೊದಲೇ ಬೈದು ಮುಗಿಸು. ಆಮೇಲೆ ಅವಳು ನನ್ನ ಪರ ವಹಿಸಿ ನಿನಗೇ ಬೈಯುತ್ತಾಳೆ.

ನಾನು ಗಟ್ಟಿಮುಟ್ಟಾಗಿದ್ದೇನೆ. ಎರಡು ವರ್ಷದಲ್ಲಿ ಭುಜ ಅಗಲವಾಗಿದೆ. ನೀನು ಹೊಲಿದುಕೊಟ್ಟ ಅಂಗಿ ಈಗ ತೋಳಿನಲ್ಲಿ ಹಿಡಿಯುತ್ತದೆ. ದಿನವೂ ಹುರುಳಿಕಾಯಿ ಬೀಜದ ಸಾರು, ಕಪ್ಪು ರೊಟ್ಟಿ. ಭಾನುವಾರ ಸಾರಿನಲ್ಲಿ ಮಾಂಸ ಇರುತ್ತದೆಂದು ಅಡುಗೆಯವನು ಆಣೆ ಮಾಡುತ್ತಾನೆ. ನಾವು ಹುಡುಕುತ್ತೇವೆ.

ಖಾಯಂ ಸೈನ್ಯದ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತು. ಬುಖಾರೆಸ್ಟಿನಿಂದ ಕದ್ದುಮುಚ್ಚಿ ಬಂದ ಆ ಚಿಕ್ಕ ಪುಸ್ತಿಕೆಗಳನ್ನು ಹಟ್ಟಿಯಲ್ಲಿ ನಿನಗೆ ಓದಿ ಹೇಳಿದವನು ನಾನೇ. ಸ್ವತಂತ್ರ ದೇಶಕ್ಕೆ ಬೇಕಾದದ್ದು ಆಯುಧ ಹಿಡಿಯಬಲ್ಲ ಪ್ರಜೆಗಳು; ಬೂಟಿಗಾಗಿ ಬೆನ್ನು ಬಗ್ಗಿಸುವ ಸೇವಕರಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಮುಖದ ಮೇಲೆ ಕೂಗಿಸಿಕೊಂಡರೂ ಉತ್ತರ ಕೊಡುವಂತಿಲ್ಲ. ಯಾರೋ ಎಲ್ಲೋ ಗೀಚಿದ ಆಜ್ಞೆಗೆ ಮಳೆಯಲ್ಲಿ ನಲವತ್ತು ವೆರ್ಸ್ತ ದೂರ ನಡೆದು, ಅಲ್ಲಿ ಏನೂ ಇಲ್ಲವೆಂದು ತಿಳಿದು ಹಿಂದಿರುಗಬೇಕು. ಮನುಷ್ಯನ ಸಮಯ ಅವನದಾಗಿರುವುದಿಲ್ಲ. ಇದಕ್ಕಿಂತ ದೊಡ್ಡ ಕಳ್ಳತನ ಯಾವುದು? ಆದರೆ ಅಕ್ಕ, ನನ್ನ ಬೂಟು ಮಾತ್ರ ಬಹಳ ಚೆನ್ನಾಗಿದೆ. ಸುಳ್ಳು ಹೇಳಲಾರೆ.

ಇನ್ನೊಂದು ಸಂಗತಿಯನ್ನು ಯಾವ ಪುಸ್ತಿಕೆಯೂ ನನಗೆ ಹೇಳಿರಲಿಲ್ಲ. ನಮ್ಮ ಕೊಠಡಿಯ ಮೂವತ್ತು ಜನರಲ್ಲಿ ಓದು ಬಲ್ಲವರು ನಾಲ್ವರು. ಊಟದ ಮೇಲೆ ಹಲಗೆ ಬಳಪ ಹಿಡಿದು ಕೂರುತ್ತೇವೆ. ಯೆಲೆನಾ ಕಡೆಯ ಕುರಿಗಾಹಿ ಲಾಲ್ಯು ಆರು ತಿಂಗಳು ಕುಸ್ತಿ ಮಾಡಿ ಮನೆಗೆ ಮೊದಲ ಕಾಗದ ಬರೆದ: 'ಅಮ್ಮಾ ನಾನು ಬದುಕಿದ್ದೇನೆ. ಹಸುವಿನ ಕಾಲು ವಾಸಿಯಾಯಿತಾ.' ಬರೆದವನೇ ಅದನ್ನು ಕೊಠಡಿಯ ಎಲ್ಲರ ಮುಂದೆಯೂ ಹಿಡಿದ, ಓದು ಬಾರದವರ ಮುಂದೆಯೂ. ನಮ್ಮೂರಿನ ಓದುಮನೆಗೆ ಬರುತ್ತಿದ್ದವರು ಐದು ಜನ. ಅವರಲ್ಲಿ ಇಬ್ಬರು ಒಲೆಯ ಮುಂದೆ ಮೈ ಕಾಯಿಸಿಕೊಳ್ಳಲು ಬರುತ್ತಿದ್ದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಬರೆದಿದ್ದೀ: 'ದಿಮಿತ್ರಿ ಹಬ್ಬಕ್ಕೆ ನೀನು ಬಾಗಿಲಲ್ಲಿ ನಿಂತಿರ್ಬೇಕು ಕಣೋ. ಮಾರನೇ ದಿನ ನಾನು ಗಾಡಿ ಹತ್ತೋದು. ಉಣ್ಣೆ ಹುರಿ ಸುತ್ತೋ ಚಕ್ರ ನಿಂಗೆ, ಮಂಜುಗಣ್ಣಿನ ಅಮ್ಮ ನಿಂಗೆ, ತರ್ನೊವೊ ನಂಗೆ.' ತರ್ನೊವೊದ ಹೆಣ್ಣುಮಕ್ಕಳ ಶಾಲೆಯಲ್ಲಿ ನಿನ್ನ ಜಾಗ ಈ ಒಂದು ವರ್ಷ ಮಾತ್ರ ಕಾಯುತ್ತದೆ, ಮುಂದಿನ ಸಲ ವಯಸ್ಸು ಮೀರಿತೆನ್ನುತ್ತಾರೆ ಎಂದೂ ಬರೆದಿದ್ದೀ. ಎಲ್ಲವೂ ನೆನಪಿದೆ. ಬರಬೇಕೆಂದೇ ಇದ್ದೆ. ಆದರೆ ಹೀಗಾಯಿತು.

ನೀನು ರಷ್ಯದವರ ಜೊತೆ ಮಾತಾಡಿದವಳಲ್ಲ, ಆದ್ದರಿಂದ ಹೇಳಬೇಕು: ಅವರ ತಲೆ ನಮಗಿಂತ ತಿರುಗುಮುರುಗು. ನಾವು ಬೇಡವೆನ್ನಲು ಮೇಲೆ ಕೆಳಗೆ ಆಡಿಸುತ್ತೇವಲ್ಲ, ಅವರು ಆಗಲಿ ಎನ್ನುವುದೇ ಹಾಗೆ. ನಾವು ಆಗಲಿ ಎನ್ನಲು ಅಡ್ಡಡ್ಡ ಆಡಿಸಿದರೆ ಅವರಿಗೆ ಅದು ಬೇಡ ಎಂದರ್ಥ. ನಮ್ಮ ದಳದ ಕ್ಯಾಪ್ಟನ್ ಜಬೆಲಿನ್ ರಷ್ಯದವರು. ಒಳ್ಳೆಯ ಮನುಷ್ಯ, ನಮ್ಮ ಮಾತನ್ನೂ ಪುಸ್ತಕದಿಂದ ಕಲಿತಿದ್ದಾರೆ. ನಮ್ಮ ದೇಶಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಷೌರಿಕ ನನ್ನ ದವಡೆ ಹಲ್ಲು ಕಿತ್ತಿದ್ದ. ಬಾಯಿ ತುಂಬ ಹತ್ತಿ. ಆಗಲೇ ಕ್ಯಾಪ್ಟನ್ ಸಾಲಿನ ಮುಂದೆ ಬಂದು ಕೇಳಿದರು: "ನಾಯ್ಡೆನ್, ನಿನ್ನ ಅವಧಿ ಮುಗೀತಾ ಬಂತು. ಇನ್ನೂ ಮೂರು ವರ್ಷ ಇರ್ತೀಯಾ? ಸಾರ್ಜೆಂಟ್ ಮಾಡ್ತೀನಿ. ಇಡೀ ದಳಕ್ಕೆ ಓದಿಸೋ ಕೆಲಸ ನಿಂದು."

ಬಾಯಿ ತೆರೆಯಲಾಗದು. ಆದರೆ ತತ್ತ್ವ ತತ್ತ್ವವೇ. ಯಾರಿಗೂ ಅನುಮಾನ ಉಳಿಯಬಾರದೆಂದು ಗದ್ದ ಎದೆಗೆ ತಾಗುವಂತೆ ಮೇಲೆ ಕೆಳಗೆ ಮೂರು ಸಲ ಆಡಿಸಿದೆ. ಬೇಡ, ಬೇಡ, ಬೇಡ. ಕ್ಯಾಪ್ಟನ್‌ರ ಕಣ್ಣು ತುಂಬಿತು. "ಇವನ ಉತ್ಸಾಹ ನೋಡ್ರೋ" ಎಂದು ನನ್ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಊದಿದ ಕೆನ್ನೆಗೆ ಎರಡು ಸಲ.

ಸಾಲು ಕಲಕಿಹೋಯಿತು. ಲಾಲ್ಯು ನಗು ತಡೆಯಲಾರದೆ ಬಂದೂಕು ಬೀಳಿಸಿ ಮೂರು ದಿನ ಲಾಯ ಗುಡಿಸಿದ. ಅಂದು ಸಂಜೆ ಹಳೆಯ ಸಾರ್ಜೆಂಟ್ ಬೋಯ್ಕೊ ನನ್ನ ಮುಂದೆ ಬಂದು ಕೂತ.

"ಏನಪ್ಪಾ ಪುಸ್ತಕದ ಹುಳ, ನಮಗೆಲ್ಲ ಸೈನ್ಯ ಬಿಡಿ ಸೈನ್ಯ ಬಿಡಿ ಅಂತ ಉಪದೇಶ ಮಾಡಿ, ನೀನೇ ಹೋಗಿ ಕತ್ತು ಕೊಟ್ಯಲ್ಲೋ."

"ನಾನು ಬೇಡ ಅಂದೆ ಅಣ್ಣ."

"ಎಷ್ಟು ಸಲ?"

"ಮೂರು."

"ಅದಕ್ಕೇ ಮೂರು ವರ್ಷ. ಸದ್ಯ, ಹತ್ತು ಸಲ ಆಡಿಸ್ಲಿಲ್ಲ ನೀನು."

ಅಂದಿನಿಂದ ದಳದಲ್ಲಿ ನನ್ನ ಹೆಸರು 'ಉತ್ಸಾಹಿ'. ರೊಟ್ಟಿ ಹಂಚುವವನೂ "ಉತ್ಸಾಹಿಗೆ ಒಂದು" ಎನ್ನುತ್ತಾನೆ. ನೀನೂ ನಗು. ನಾನೇ ನಕ್ಕಿದ್ದೇನೆ.

ನನ್ನ ಮೂರು ವರ್ಷದ ಕಾಗದ ಮೇಲಿನ ಕಚೇರಿಗೆ ಹೋಗಿಬಿಟ್ಟಿದೆ ಎನ್ನುತ್ತಾರೆ. ಹೋದ ಕಾಗದವನ್ನು ಹಿಂದಕ್ಕೆ ತರುವ ಶಕ್ತಿ ನಮ್ಮ ಸರ್ಕಾರದಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಹಬ್ಬಕ್ಕೆ ಬರಲಾರೆ. ಅಮ್ಮನಿಗೆ ಮೆಲ್ಲಗೆ ಹೇಳು. ಮೊದಲು ಸಾರ್ಜೆಂಟ್ ಎನ್ನು, ಆಮೇಲೆ ಮೂರು ವರ್ಷ ಎನ್ನು.

ನನಗೆ ದೇವರಲ್ಲಿ ನಂಬಿಕೆಯಿಲ್ಲ, ಆದರೂ ಅಮ್ಮನ ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಹೊಳೆಯಲ್ಲಿ ನೀರು, ಚಕ್ರದ ಮೇಲೆ ಉಣ್ಣೆ, ಒಲೆಯಲ್ಲಿ ಕೆಂಡ ತಪ್ಪದಿರಲಿ.

ನಿನ್ನ ತಮ್ಮ,
ನಾಯ್ಡೆನ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಇದನ್ನು ಅಮ್ಮನಿಗೆ ಓದಬೇಡ.

ಆ ಮೂರು ವರ್ಷದ ಕಾಗದ ಎಲ್ಲಿಗೂ ಹೋಗಿರಲಿಲ್ಲ. ಬೋಯ್ಕೊ ಕ್ಯಾಪ್ಟನ್‌ಗೆ ವಿಷಯ ತಿಳಿಸಿದ್ದ. ಶುಕ್ರವಾರ ಅವರು ನನ್ನನ್ನು ಒಬ್ಬನನ್ನೇ ಕರೆದರು. "ತಪ್ಪು ನಂದು ಕಣಯ್ಯ. ಈಗಲೇ ಹರಿದುಹಾಕ್ತೀನಿ. ತಲೆ ಆಡಿಸ್ಬೇಡ, ಬಾಯಲ್ಲಿ ಹೇಳು. ಇರ್ತೀಯೋ, ಹೋಗ್ತೀಯೋ?" ಎಂದರು. ಬಾಯಲ್ಲಿ ಹತ್ತಿಯಿರಲಿಲ್ಲ, ನೋವೂ ಇರಲಿಲ್ಲ. ಲಾಲ್ಯುವನ್ನು ಬಿಟ್ಟರೂ ಕೊಠಡಿಯ ಇಪ್ಪತ್ತೈದು ಜನರಿಗೆ ಅಕ್ಷರ ಬರುವುದಿಲ್ಲ ಎಂದು ಮನಸ್ಸಿನಲ್ಲಿ ಎಣಿಸಿದೆ. "ಇರ್ತೀನಿ" ಎಂದೆ.

ಆ ಹೊತ್ತಿನಲ್ಲಿ ನೀನು ನನಗೆ ನೆನಪಾಗಲಿಲ್ಲ, ಅಕ್ಕ. ಹೊರಗೆ ಬಂದು ಬಾವಿಯ ಹತ್ತಿರ ನೀರು ಕುಡಿಯುವಾಗ ನೆನಪಾದೆ. ಇಪ್ಪತ್ತೈದರ ಲೆಕ್ಕದಲ್ಲಿ ನಿನ್ನನ್ನು ಸೇರಿಸಿರಲಿಲ್ಲ. ಹೆಣ್ಣಿನ ಸ್ವಾತಂತ್ರ್ಯದ ಮೇಲಿನ ಪುಸ್ತಿಕೆಯನ್ನು ನಿನಗೆ ಎರಡು ಸಲ ಗಟ್ಟಿಯಾಗಿ ಓದಿದ್ದೆ. ಬಾಗಿಲು ತಟ್ಟಿ ಒಳಗೆ ಹೋಗಿ ಮಾತು ಬದಲಿಸಬಹುದಿತ್ತು. ಹೋಗಲಿಲ್ಲ. ನಿನ್ನ ತರ್ನೊವೊದ ಮೇಲೆ ನಾನೇ ರುಜು ಹಾಕಿದ್ದೇನೆ. ಅಕ್ಷರ ದುಂಡಾಗಿದೆ ಎಂದು ಕ್ಯಾಪ್ಟನ್ ಹೊಗಳಿದರು.